ಹೊಸ ರೆಕಾರ್ಡಿಂಗ್ ಅಂದ ಮಾತ್ರಕ್ಕೆ ಒಳ್ಳೆಯ ರೆಕಾರ್ಡಿಂಗ್ ಅಲ್ಲ

ಪ್ರಶ್ನೆ: ಬೀಥೋವನ್‌ನ ಐದನೇ ಸಿಂಫನಿಯನ್ನು ಮನೆಯಲ್ಲಿ ಕೂತು ಕೇಳಬೇಕು. ಆ್ಯಪ್‌ನಲ್ಲಿ ಹುಡುಕಿದರೆ ಮುಗಿಯದಷ್ಟು ಬರುತ್ತವೆ. ತೀರಾ ಇತ್ತೀಚಿನದನ್ನು ಆರಿಸಿಕೊಂಡರೆ ಸೌಂಡ್ ಚೆನ್ನಾಗಿರುತ್ತೆ ಅಲ್ವಾ?

ಹಾಗೇನೂ ಇಲ್ಲ. ಎಷ್ಟು ಸಲ ಉತ್ತರ ಕೊಟ್ಟರೂ ಈ ಪ್ರಶ್ನೆ ಮತ್ತೆ ಬಂದೇ ಬರುತ್ತದೆ. ಆತುರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕಂಡಕ್ಟರ್ (ಅಂದರೆ ವಾದ್ಯವೃಂದವನ್ನು ನಡೆಸುವವರು) ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ 1974ರಲ್ಲಿ ಮಾಡಿದ ರೆಕಾರ್ಡಿಂಗ್ ಹಾಕಿಕೊಳ್ಳಿ.

ಈಗ ಆ ನಂಬಿಕೆಯ ವಿಷಯ. ಫೋನು, ಟೀವಿ ವರ್ಷ ವರ್ಷ ಸುಧಾರಿಸುತ್ತವೆ, ರೆಕಾರ್ಡಿಂಗೂ ಹಾಗೇ ಅಂತ ಜನ ಅಂದುಕೊಂಡಿದ್ದಾರೆ. ಆದರೆ 1950ರ ದಶಕದ ನಡುವೆಯೇ ಒಳ್ಳೆಯ ಮೈಕು, ಸ್ಟೀರಿಯೊ ಟೇಪು ಎರಡೂ ಇದ್ದವು. ಷಿಕಾಗೋದಲ್ಲಿ ಕಂಡಕ್ಟರ್ ಫ್ರಿಟ್ಜ್ ರೈನರ್ 1954ರಲ್ಲೇ ಸ್ಟೀರಿಯೊದಲ್ಲಿ ರೆಕಾರ್ಡ್ ಮಾಡಿದ್ದರು. ಅದೇ ಹೊತ್ತಿಗೆ ಡೆಕ್ಕಾ ರೆಕಾರ್ಡ್ ಕಂಪನಿಯವರು ಮೂರು ಮೈಕುಗಳನ್ನು ಒಂದು ಚೌಕಟ್ಟಿಗೆ ಕಟ್ಟಿ, ಕಂಡಕ್ಟರ್ ನಿಲ್ಲುವ ಜಾಗದ ಮೇಲೆ ಎತ್ತರದಲ್ಲಿ ನಿಲ್ಲಿಸುತ್ತಿದ್ದರು. 'ಡೆಕ್ಕಾ ಟ್ರೀ' ಅನ್ನುವ ಆ ಏರ್ಪಾಡು ಇವತ್ತಿಗೂ ಬಳಕೆಯಲ್ಲಿದೆ. ಹಾಲ್ ಯಾವುದು, ಮೈಕ್ ಎಲ್ಲಿಟ್ಟರು, ಎಷ್ಟು ದೂರದಲ್ಲಿಟ್ಟರು, ಅರ್ಧಕ್ಕಿಂತ ಜಾಸ್ತಿ ಅಲ್ಲೇ ತೀರ್ಮಾನ ಆಗಿಹೋಗುತ್ತದೆ. ಕಂಡಕ್ಟರ್ ಹರ್ಬರ್ಟ್ ಫಾನ್ ಕರಾಯನ್ 1962ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಅಲ್ಲಿನ ಒಂದು ಚರ್ಚಿನಲ್ಲಿ ರೆಕಾರ್ಡ್ ಮಾಡಿದ ಐದನೇ ಸಿಂಫನಿಯನ್ನೂ, ಅವರೇ ಅದೇ ವಾದ್ಯವೃಂದದ ಜೊತೆ 1980ರ ದಶಕದಲ್ಲಿ ಮಾಡಿದ ಡಿಜಿಟಲ್ ರೆಕಾರ್ಡಿಂಗನ್ನೂ ಒಂದಾದ ಮೇಲೊಂದು ಕೇಳಿ. ಹಳೆಯದರಲ್ಲಿ ಪಿಟೀಲುಗಳ ಸುತ್ತ ಗಾಳಿಯಾಡುತ್ತದೆ, ಹೊಸದರಲ್ಲಿ ಅವೇ ಪಿಟೀಲುಗಳು ಕಿವಿಗೆ ಚುಚ್ಚುತ್ತವೆ.

ಇನ್ನು ದೊಡ್ಡ ದೊಡ್ಡ ಅಂಕಿಗಳ ಫೈಲುಗಳು. 1982ರಲ್ಲಿ ಬಂದ ಸಿ.ಡಿ.ಗೆ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದಿಡುತ್ತಾರೆ. ಅಷ್ಟಕ್ಕೇ ಮನುಷ್ಯರ ಕಿವಿಗೆ ಕೇಳುವ ಸ್ವರವೆಲ್ಲ ಅದರೊಳಗೆ ಬಂದಾಯಿತು. ಮೈಕ್ ಹಿಡಿಯದೇ ಬಿಟ್ಟದ್ದನ್ನು ಸೆಕೆಂಡಿಗೆ 1,92,000 ಸಲ ಅಳೆದ 192 ಕಿಲೋಹರ್ಟ್ಸ್ ಫೈಲು ಎಲ್ಲಿಂದ ತರುತ್ತದೆ? ಸುಮ್ನೆ ದುಡ್ಡು ಕೊಡಬೇಡಿ.

ಹಾಗಂತ ಹಳೆಯದೆಲ್ಲ ಚಿನ್ನ ಅಂತಲೂ ಅಲ್ಲ. ಮ್ಯಾನ್‌ಫ್ರೆಡ್ ಹೊನೆಕ್ ಪಿಟ್ಸ್‌ಬರ್ಗ್ ವಾದ್ಯವೃಂದದ ಜೊತೆ ಮಾಡಿದ ಐದನೆಯದು ನಮ್ಮ ಕಾಲದ್ದೇ, ತುಂಬಾ ಚೆನ್ನಾಗಿದೆ.

ನೀವೇ ಪರೀಕ್ಷೆ ಮಾಡಬೇಕಾದರೆ ಶುರುವಿನಲ್ಲೇ ಬರುವ, ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರಗಳನ್ನು ಬಿಟ್ಟು ನೇರ ಮೂರನೇ ಭಾಗಕ್ಕೆ ಹೋಗಿ. ನಡುವೆ ದಪ್ಪ ದನಿಯ ದೊಡ್ಡ ತಂತಿವಾದ್ಯಗಳಾದ ಚೆಲ್ಲೊ, ಡಬಲ್ ಬಾಸ್‌ಗಳು ಅವಸರದಲ್ಲಿ ಓಡುವ ಒಂದು ಜಾಗ ಇದೆ. ಅಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು, ಬರೀ ಗುಂಯ್ ಅಂದರೆ ಅದನ್ನು ಬಿಟ್ಟುಬಿಡಿ. ಆಮೇಲೆ ಎಲ್ಲವೂ ತಗ್ಗಿ, ಟಿಂಪನಿ ಅನ್ನುವ ದೊಡ್ಡ ನಗಾರಿ ಮೆಲ್ಲಗೆ ಬಡಿಯುತ್ತಾ ಉಳಿಯುತ್ತದೆ. ಅದು ಕೇಳಿಸುವಷ್ಟು ವಾಲ್ಯೂಮ್ ಇಟ್ಟು ಮತ್ತೆ ಮುಟ್ಟಬೇಡಿ. ನಿಲ್ಲಿಸದೆ ನಾಲ್ಕನೇ ಭಾಗ ಬರುತ್ತದೆ, ಟ್ರಾಂಬೋನ್ ಅನ್ನುವ ಹಿತ್ತಾಳೆಯ ಊದುವಾದ್ಯಗಳು ಈ ಸಿಂಫನಿಯಲ್ಲಿ ಮೊದಲ ಸಲ ಬಾಯಿ ಬಿಡುವುದೇ ಅಲ್ಲಿ. ಆಗ ಕೋಣೆ ತುಂಬಬೇಕು, ಆದರೆ ಕಿವಿ ಮುಚ್ಚಿಕೊಳ್ಳುವ ಹಾಗಾಗಬಾರದು. ಫ್ಯಾನ್ ಆರಿಸಿ ಕೇಳಿ, ಇಲ್ಲದಿದ್ದರೆ ಆ ಟಿಂಪನಿ ಸಿಗುವುದೇ ಇಲ್ಲ.

ಸ್ಟೀರಿಯೊಗಿಂತ ಹಿಂದಿನದನ್ನು ಕೇಳಬಹುದಾ ಅಂತ ಯಾರೂ ಕೇಳಿಲ್ಲ. ಖಂಡಿತ ಕೇಳಬಹುದು. ಮೈಸೂರಿನ ಜಯಚಾಮರಾಜ ಒಡೆಯರು ದುಡ್ಡು ಕೊಟ್ಟು ರಷ್ಯಾದ ಸಂಗೀತ ಸಂಯೋಜಕ ನಿಕೊಲಾಯ್ ಮೆಟ್ನರ್‌ರಿಂದ ಅವರದೇ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದರು. ಮೂರು ಪಿಯಾನೊ ಕಾನ್ಸರ್ಟೊಗಳೂ (ಪಿಯಾನೊ ಮುಂದಾಗಿ, ವಾದ್ಯವೃಂದ ಜೊತೆಗೂಡುವ ಕೃತಿಗಳು) ಅದರಲ್ಲಿವೆ, ಪಿಯಾನೊ ಮುಂದೆ ಕೂತದ್ದು ಖುದ್ದು ಮೆಟ್ನರ್, ಜೊತೆಗೆ ಫಿಲ್ಹಾರ್ಮೋನಿಯಾ ವಾದ್ಯವೃಂದ. ಎಲ್ಲವೂ ಮೊನೊ, ಅಂದರೆ ಎಡ-ಬಲ ಬೇರೆಯಿಲ್ಲದ ಸದ್ದು, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳ ಕಾಲದ್ದು, ಸದ್ದು ತುಸು ಮಸುಕು. ಆಗ ಮೆಟ್ನರ್‌ಗೆ ಅರವತ್ತು ದಾಟಿತ್ತು. 1951ರಲ್ಲಿ ತೀರಿಕೊಂಡರು. ತಮ್ಮ ಕಾನ್ಸರ್ಟೊಗಳನ್ನು ಅವರೇ ನುಡಿಸಿದ್ದು ಕೇಳಬೇಕೆಂದರೆ ಈ ಮೊನೊ ಪ್ಲೇಟುಗಳಿಗೇ ಹೋಗಬೇಕು.