ಪದ ಪರಿಚಯ: ‘ಸುರಕ್ಷಿತ ನೈರ್ಮಲ್ಯ’ ಅಂದರೆ ಕಕ್ಕಸು ಇದ್ದರೆ ಸಾಕಾ?

ಕೆಲವು ವರ್ಷದ ಹಿಂದೆ ಒಂದು ಸರ್ವೆ ತಂಡದ ಜೊತೆ ಹಳ್ಳಿ ಸುತ್ತುತ್ತಿದ್ದೆ. ಒಂದು ಮನೆ ಜಗಲಿ ಮೇಲೆ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ‘ಅಜ್ಜಿ, ಕಕ್ಕಸು ಇದೆಯಾ?’ ‘ಐತೆ ಕಣಪ್ಪ, ಅಲ್ಲೇ ಕಾಣಲ್ವಾ.’ ಫಾರಂನಲ್ಲಿ ಟಿಕ್ ಬಿತ್ತು. ಹೋಗಿ ಬಾಗಿಲು ತೆಗೆದರೆ ಒಳಗೆ ಸೂರಿನ ತನಕ ಸೌದೆ, ಬೇಸನ್ ಮೇಲೆ ಒಂದು ಗೊಬ್ಬರದ ಚೀಲ. ‘ಮತ್ತೆ ನೀವೆಲ್ಲಿಗೆ ಹೋಗ್ತೀರಿ?’ ‘ಇನ್ನೆಲ್ಲಿ, ಕೆರೆ ಕಡೆಗೆ. ಅಷ್ಟು ನೀರು ಹೊತ್ತು ತಂದು ಅದಕ್ಕೆ ಸುರಿಯೋರು ಯಾರು?’

ಆ ಟಿಕ್ ಸುಳ್ಳಲ್ಲ. ಪ್ರಶ್ನೆ ಇದ್ದದ್ದೇ ಹಾಗೆ. ಅಭಿವೃದ್ಧಿ ಯೋಜನೆಗಳ ವರದಿಯಲ್ಲಿ ‘ಇಷ್ಟು ಕುಟುಂಬಗಳಿಗೆ ನೈರ್ಮಲ್ಯ ಸೌಲಭ್ಯ ಸಿಕ್ಕಿದೆ’ ಅಂತ ಓದಿದಾಗ ಮೊದಲು ಕೇಳಬೇಕಾದದ್ದು ಏನು ಗೊತ್ತಾ? ಎಣಿಸಿದ್ದು ಗೋಡೆಯನ್ನೋ, ಬಳಸುವ ಜನರನ್ನೋ, ಅಥವಾ ಗುಂಡಿಗೆ ಬಿದ್ದದ್ದು ಕೊನೆಗೆ ಎಲ್ಲಿಗೆ ಹೋಯಿತು ಅನ್ನೋದನ್ನೋ? ಮೂರಕ್ಕೂ ಮೂರು ಬೇರೆ ಬೇರೆ ಅಂಕಿ ಬರುತ್ತವೆ. 2014ರಲ್ಲಿ ಉತ್ತರ ಭಾರತದ ಐದು ರಾಜ್ಯಗಳ ಹಳ್ಳಿಗಳಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ಚೆನ್ನಾಗಿ ಕೆಲಸ ಮಾಡುವ ಶೌಚಾಲಯ ಇದ್ದ ಮನೆಗಳಲ್ಲೇ ಶೇ 40ಕ್ಕಿಂತ ಜಾಸ್ತಿ ಕಡೆ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ 1990ರಿಂದ ಇದರ ಲೆಕ್ಕ ಇಡುತ್ತಿವೆ. ಅವರ ಲೆಕ್ಕದಲ್ಲಿ ಐದು ಮೆಟ್ಟಿಲಿನ ಒಂದು ಏಣಿ ಇದೆ. ಎಲ್ಲಕ್ಕಿಂತ ಕೆಳಗೆ ಬಯಲು ಶೌಚ. ಅದರ ಮೇಲೆ ಚಪ್ಪಡಿ ಇಲ್ಲದ ಗುಂಡಿ, ಬಕೆಟ್ಟು, ನೀರಿನ ಮೇಲೆ ಕಟ್ಟಿದ ಅಟ್ಟಣೆ ಇಂಥವು. ಮೂರನೆಯದು ಒಳ್ಳೆಯ ಶೌಚಾಲಯವೇ, ಆದರೆ ಬೇರೆ ಮನೆಯವರ ಜೊತೆ ಹಂಚಿಕೊಂಡದ್ದು. ನಾಲ್ಕನೆಯದು ಸ್ವಂತದ್ದು, ಇದಕ್ಕೆ ‘ಮೂಲಭೂತ’ ಅಂತ ಹೆಸರು. ಐದನೆಯದೇ ನಮ್ಮ ಪದ, ಸುರಕ್ಷಿತ ನೈರ್ಮಲ್ಯ: ಸ್ವಂತ ಶೌಚಾಲಯವೂ ಇರಬೇಕು, ಮಲ ಅಲ್ಲೇ ಗುಂಡಿಯಲ್ಲಿ ಅಪಾಯ ಇಲ್ಲದ ಹಾಗೆ ಕೊಳೆಯಬೇಕು, ಇಲ್ಲವೇ ಬೇರೆ ಕಡೆ ಸಾಗಿಸಿ ಸಂಸ್ಕರಿಸಬೇಕು. 2022ರ ಲೆಕ್ಕದ ಪ್ರಕಾರ ಈ ಐದನೇ ಮೆಟ್ಟಿಲಿನಲ್ಲಿ ಇದ್ದದ್ದು ಪ್ರಪಂಚದ ಶೇ 57ರಷ್ಟು ಜನ ಮಾತ್ರ.

ಹಂಚಿಕೊಳ್ಳುವ ವಿಷಯ ನಮ್ಮ ಕಡೆ ಒಂಥರಾ ತಮಾಷೆಯಾಗುತ್ತದೆ. ಸರ್ವೆಯಲ್ಲಿ ‘ಒಂದು ಕುಟುಂಬ’ ಅಂದರೆ ಒಂದೇ ಒಲೆಯಲ್ಲಿ ಉಣ್ಣುವವರು. ಅಣ್ಣ ತಮ್ಮ ಪಾಲಾಗಿ ಒಲೆ ಬೇರೆಯಾಯಿತು ಅಂತಿಟ್ಟುಕೊಳ್ಳಿ, ಹಿತ್ತಲಿನ ಕಕ್ಕಸು ಮಾತ್ರ ಒಂದೇ. ನಿನ್ನೆವರೆಗೆ ನಾಲ್ಕನೇ ಮೆಟ್ಟಿಲಲ್ಲಿದ್ದ ಮನೆ ಇವತ್ತು ಮೂರಕ್ಕೆ ಇಳಿಯಿತು! ಅದೇ ಬೇಸನ್ನು, ಅದೇ ಬಾಗಿಲು. ಇದು ನ್ಯಾಯವಾ ಅಂತ ನನಗೂ ಅನುಮಾನ ಇದೆ. ಆದರೆ ಐವತ್ತು ಜನ ಸಾಲು ನಿಲ್ಲುವ ಸಾರ್ವಜನಿಕ ಶೌಚಾಲಯವನ್ನೂ ಹಿತ್ತಲಿನ ಕಕ್ಕಸನ್ನೂ ಒಂದೇ ಅಂತ ಎಣಿಸುವುದೂ ಸರಿಯಲ್ಲ, ಅಲ್ವಾ?

2019ರ ಅಕ್ಟೋಬರ್ 2ರಂದು ದೇಶದ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಅಂತ ಘೋಷಣೆಯಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ‘ಸುಧಾರಿತ’ ಸೌಲಭ್ಯ ಬಳಸುವ ಮನೆಗಳಲ್ಲಿ ಇರುವವರು ಶೇ 70.2 ಅಂತ ಬಂತು. ಇಲ್ಲಿ ಸುಧಾರಿತ ಅಂದರೆ ಒಳ್ಳೆಯ ಶೌಚಾಲಯ, ಅದೂ ಬೇರೆ ಮನೆಯವರ ಜೊತೆ ಹಂಚಿಕೊಳ್ಳದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಆಡುವವರು ಜಾಸ್ತಿ, ಎರಡರ ಪ್ರಶ್ನೆಯೇ ಬೇರೆ ಅಂತ ನೋಡುವವರು ಕಡಿಮೆ. ಇನ್ನೊಂದು ಮಜಾ ಇದೆ. ಫ್ಲಶ್ ಮಾಡಿದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದಾಗ ‘ಗೊತ್ತಿಲ್ಲ’ ಅಂದವರೂ ಈ ಸಮೀಕ್ಷೆಯಲ್ಲಿ ‘ಸುಧಾರಿತ’ದ ಒಳಗೇ ಬರುತ್ತಾರೆ.

ನಿಜವಾದ ಕಷ್ಟ ಇರುವುದು ಈ ‘ಎಲ್ಲಿಗೆ’ಯಲ್ಲೇ. ನೆಲದೊಳಗೆ ಏನೇ ಇದ್ದರೂ ನಾವು ಅದನ್ನು ಸೆಪ್ಟಿಕ್ ಟ್ಯಾಂಕ್ ಅನ್ನುತ್ತೇವೆ. ನಿಜವಾದ ಟ್ಯಾಂಕಿಗೆ ತಳ ಗಟ್ಟಿ ಇರಬೇಕು, ಒಳಗೆ ಅಡ್ಡಗೋಡೆ ಇರಬೇಕು, ಹೊರಬರುವ ನೀರಿಗೆ ಇಂಗುಗುಂಡಿ ಇರಬೇಕು. ಎಷ್ಟೋ ಕಡೆ ಇರುವುದು ಸಿಮೆಂಟ್ ರಿಂಗ್ ಇಳಿಸಿದ ಗುಂಡಿ, ಅಥವಾ ಟ್ಯಾಂಕಿನಿಂದ ನೇರವಾಗಿ ಬೀದಿ ಚರಂಡಿಗೆ ಬಿಟ್ಟ ಪೈಪು. ‘ನಮ್ಮ ಟ್ಯಾಂಕು ಇಪ್ಪತ್ತು ವರ್ಷ ಆದರೂ ತುಂಬಿಲ್ಲ’ ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ತುಂಬಿಲ್ಲ ಅಂದರೆ ಸೋರುತ್ತಿದೆ ಅಂತಲೇ ಹೆಚ್ಚಿನ ಸಲ ಅರ್ಥ, ಪಕ್ಕದಲ್ಲೇ ಬೋರ್‌ವೆಲ್ ಬೇರೆ. ಸೋರಿಕೆ ಬಗ್ಗೆ ಕೇಳದ ಫಾರಂನಲ್ಲಿ ಮಾತ್ರ ಇದೇ ಉತ್ತರ ‘ಖಾಲಿ ಮಾಡಿಸಿಲ್ಲ, ಅಲ್ಲೇ ಇದೆ’ ಅಂತ ಸುರಕ್ಷಿತದ ಕಡೆಗೇ ವಾಲುತ್ತದೆ.

ಹಳ್ಳಿಗೆ ಎರಡು ಗುಂಡಿಯ ಶೌಚಾಲಯ ಒಳ್ಳೆಯ ಉಪಾಯ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ವರ್ಷ ಎರಡು ವರ್ಷ ಸುಮ್ನೆ ಬಿಟ್ಟರೆ ಗೊಬ್ಬರವಾಗುತ್ತದೆ. ಲಾರಿ ಬೇಡ, ಕೊಳವೆ ಬೇಡ. ಆದರೆ ಗಾರೆಯವರು ಎರಡೂ ಗುಂಡಿಗೆ ಒಟ್ಟಿಗೇ ನೀರು ಹೋಗುವ ಹಾಗೆ ಬಿಟ್ಟಿದ್ದರೆ ಇಡೀ ಲೆಕ್ಕ ಕೆಟ್ಟಿತು. ಅದನ್ನು ತಿಳಿಯಲು ಎರಡು ಗುಂಡಿ ಸೇರುವ ಕಡೆ ಇರುವ ಸಣ್ಣ ಮುಚ್ಚಳ ಎತ್ತಿ ನೋಡಬೇಕು. ದಿನಕ್ಕೆ ಇಪ್ಪತ್ತು ಮನೆ ಮುಗಿಸಬೇಕಾದ ಸರ್ವೆ ಹುಡುಗ ಯಾಕೆ ಎತ್ತುತ್ತಾನೆ ಹೇಳಿ.

ಊರುಗಳಲ್ಲಿ ಯುಜಿಡಿ (ನೆಲದಡಿಯ ಒಳಚರಂಡಿ) ಇಲ್ಲದ ಕಡೆ ಟ್ಯಾಂಕು ತುಂಬಿದರೆ ಸಕ್ಕಿಂಗ್ ಲಾರಿ ಬರುತ್ತದೆ. ದೇವನಹಳ್ಳಿಯಲ್ಲಿ 2015ರಿಂದ ಈ ಲಾರಿಗಳ ಸರಕಿಗೆಂದೇ ಒಂದು ಸಂಸ್ಕರಣಾ ಘಟಕ ಇದೆ, ಕೆಸರನ್ನು ಒಣಗಿಸಿ ಗೊಬ್ಬರ ಮಾಡುತ್ತಾರೆ. ಅಂಥದ್ದು ಹತ್ತಿರ ಇಲ್ಲದ ಕಡೆ ಲಾರಿ ರಾತ್ರಿ ಹೊತ್ತು ಯಾವುದೋ ಹಳ್ಳದ ಪಕ್ಕ ನಿಂತಿರುತ್ತದೆ. ಮನೆಯವರನ್ನು ಕೇಳಿದರೆ ‘ದುಡ್ಡು ಕೊಟ್ವಿ, ತಗೊಂಡು ಹೋದ’ ಅನ್ನುತ್ತಾರೆ, ಅಷ್ಟೇ ಅವರಿಗೆ ಗೊತ್ತಿರುವುದು. ಆದ್ದರಿಂದ ಕೊನೇ ಮೆಟ್ಟಿಲನ್ನು ಮನೆ ಬಾಗಿಲಲ್ಲಿ ನಿಂತು ಅಳೆಯಲು ಆಗುವುದಿಲ್ಲ. ಎಷ್ಟು ಲೋಡು ಎತ್ತಿದರು, ಅದರಲ್ಲಿ ಎಷ್ಟು ಘಟಕದ ಗೇಟು ದಾಟಿತು ಅಂತ ಎರಡು ಪುಸ್ತಕ ತೆಗೆದು ತಾಳೆ ನೋಡಬೇಕು.