ಜನರಲ್ ಮಾರ್ಷಲ್: ಸೇನೆಯಿಂದ ಸಂಪುಟಕ್ಕೆ

ಎರಡನೆಯ ಮಹಾಯುದ್ಧದ ನಂತರದ ಯುರೋಪನ್ನು ಓದುವಾಗ ಜಾರ್ಜ್ ಸಿ. ಮಾರ್ಷಲ್ ನಮಗೆ ಒಬ್ಬ ವ್ಯಕ್ತಿಯಾಗಿ ಅಲ್ಲ, ಯುದ್ಧದಿಂದ ನಲುಗಿದ ಯುರೋಪಿಗೆ ಅಮೆರಿಕ ಕೊಟ್ಟ ಆರ್ಥಿಕ ನೆರವಿನ ಯೋಜನೆಯ ಹೆಸರಾಗಿ ಪರಿಚಯವಾಗುತ್ತಾರೆ. ಆದರೆ ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಯೋಜನೆಗಿಂತಲೂ ಹೆಚ್ಚು ಕಲಿಸುವುದು ಅವರ ಹುದ್ದೆಗಳ ಕಥೆ. ನಾಗರಿಕ ಆಡಳಿತದಲ್ಲಿ ಸೈನಿಕರು ಕೈಯಾಡಿಸಬಾರದೆಂಬ ಎಚ್ಚರ ಹುಟ್ಟಿನಿಂದಲೇ ಇದ್ದ ದೇಶವೊಂದು, ಜೀವನವೆಲ್ಲ ಸಮವಸ್ತ್ರದಲ್ಲೇ ಕಳೆದ ಒಬ್ಬರಿಗೆ ವಿದೇಶಾಂಗ ಮತ್ತು ರಕ್ಷಣೆ ಎರಡೂ ಖಾತೆಗಳನ್ನು ಹೇಗೆ ಒಪ್ಪಿಸಿತು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಮೊದಲಿಗೆ ಪದದ ಗೊಂದಲವೊಂದನ್ನು ನಿವಾರಿಸಿಕೊಳ್ಳೋಣ. ನಮ್ಮಲ್ಲಿ ‘ಕಾರ್ಯದರ್ಶಿ’ ಎಂದರೆ ಐಎಎಸ್ ಅಥವಾ ಐಎಫ್‌ಎಸ್ ಅಧಿಕಾರಿ. ಅಮೆರಿಕದ ‘ಸೆಕ್ರೆಟರಿ ಆಫ್ ಸ್ಟೇಟ್’ ನಮ್ಮ ವಿದೇಶಾಂಗ ಸಚಿವರಿಗೆ ಸಮಾನ. ಹಾಗಾಗಿ ಇಲ್ಲಿ ‘ಸಚಿವ’ ಎಂದೇ ಬರೆಯುತ್ತೇನೆ.

ಸೇನಾ ಜೀವನದ ಬಗ್ಗೆ ಇಷ್ಟು ನೆನಪಿದ್ದರೆ ಸಾಕು: 1880ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಮಾರ್ಷಲ್, ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿದ 1939ರ ಸೆಪ್ಟೆಂಬರ್ 1ರಂದೇ ಅಮೆರಿಕದ ಭೂಸೇನೆಯ ಮುಖ್ಯಸ್ಥರಾಗಿ ಪ್ರಮಾಣವಚನ ಸ್ವೀಕರಿಸಿದರು. ಆಗ ಎರಡು ಲಕ್ಷವೂ ಇರದಿದ್ದ ಆ ಪಡೆ ಯುದ್ಧ ಮುಗಿಯುವ ವೇಳೆಗೆ ಎಂಬತ್ತು ಲಕ್ಷ ದಾಟಿತ್ತು. ರಣರಂಗಕ್ಕಿಳಿದು ಹೆಸರು ಮಾಡಿದವರು ಬೇರೆಯವರು. ಇವರ ಕೆಲಸ ವಾಷಿಂಗ್ಟನ್ನಿನ ಮೇಜಿನ ಹಿಂದೆ, ಕಾಂಗ್ರೆಸ್ಸಿನ (ಅಂದರೆ ಅಮೆರಿಕದ ಸಂಸತ್ತಿನ) ಸಮಿತಿಗಳ ಮುಂದೆ ನಡೆಯಿತು. ಮಂತ್ರಿಗಿರಿಗೆ ಬೇಕಾದ ಪಳಗು ಅವರಿಗೆ ಸೇನೆಯಲ್ಲೇ ದೊರೆತಿತ್ತು ಎಂದು ನನಗನ್ನಿಸುವುದು ಈ ಕಾರಣಕ್ಕೆ.

1945ರ ನವೆಂಬರ್‌ನಲ್ಲಿ ಹುದ್ದೆ ಬಿಟ್ಟ ಮಾರ್ಷಲ್, ಪತ್ನಿಯೊಡನೆ ವರ್ಜೀನಿಯಾದ ಲೀಸ್‌ಬರ್ಗ್‌ನ ಮನೆಗೆ ಬಂದು ಇನ್ನೇನು ವಿಶ್ರಾಂತಿ ಎಂದುಕೊಳ್ಳುವಷ್ಟರಲ್ಲಿ ಅಧ್ಯಕ್ಷ ಟ್ರೂಮನ್ ಅವರ ದೂರವಾಣಿ ಕರೆ ಬಂದಿತು. ಚೀನಾದಲ್ಲಿದ್ದ ರಾಯಭಾರಿ ಪ್ಯಾಟ್ರಿಕ್ ಹರ್ಲಿ ಏಕಾಏಕಿ ರಾಜೀನಾಮೆ ಕೊಟ್ಟಿದ್ದರು; ಅಲ್ಲಿಗೆ ಹೋಗುತ್ತೀರಾ ಎಂಬುದು ಪ್ರಶ್ನೆ. ಹೋಗುತ್ತೇನೆ ಎಂದಷ್ಟೇ ಹೇಳಿ ಮಾರ್ಷಲ್ ರಿಸೀವರ್ ಇಟ್ಟರು. ಮಾತು ಮುಂದುವರಿದರೆ ಪತ್ನಿಗೆ ಕೇಳಿಸೀತು ಎಂಬ ಅಳುಕು ಅದಕ್ಕೆ ಕಾರಣ ಎಂದು ನಂತರ ತಿಳಿಯಿತು.

ಚೀನಾದಲ್ಲಿ ಚಿಯಾಂಗ್ ಕೈ-ಷೇಕ್ ಅವರ ರಾಷ್ಟ್ರವಾದಿಗಳನ್ನೂ ಕಮ್ಯುನಿಸ್ಟರನ್ನೂ ಒಂದೇ ಸರ್ಕಾರದೊಳಗೆ ತರುವುದು ಅವರಿಗೆ ವಹಿಸಿದ್ದ ಕೆಲಸ. 1946ರ ಜನವರಿಯಲ್ಲಿ ಕದನವಿರಾಮವೇನೋ ಆಯಿತು. ಕಮ್ಯುನಿಸ್ಟರ ಪರವಾಗಿ ಝೌ ಎನ್‌ಲಾಯ್ ಅವರಂಥ ಚತುರರು ಸಂಧಾನದ ಮೇಜಿನಲ್ಲಿ ಕುಳಿತರು. ಆದರೆ ಎರಡೂ ಪಕ್ಷಗಳಿಗೆ ಗೆಲ್ಲುವ ಆಸೆ ಉಳಿದಿರುವವರೆಗೆ ಮಧ್ಯಸ್ಥನ ಮಾತಿಗೆ ಬೆಲೆಯಿಲ್ಲವೆಂಬುದು ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಹೋರಾಟ ಮರುಕಳಿಸಿದಾಗ ಸ್ಪಷ್ಟವಾಯಿತು. ಸುಮಾರು ಹದಿಮೂರು ತಿಂಗಳ ಬಳಿಕ ಅವರು ಬರಿಗೈಯಲ್ಲಿ ಹಿಂದಿರುಗಿದರು. ಈ ಸೋಲು ಮುಂದೆ ಅವರ ಬೆನ್ನು ಹತ್ತಿತು.

1947ರ ಜನವರಿ 21ರಂದು ವಿದೇಶಾಂಗ ಸಚಿವರಾದಾಗ ಅವರು ಮಾಡಿದ ಮೊದಲ ಕೆಲಸವೆಂದರೆ, ತಾವು ಎಂದಿಗೂ ಚುನಾವಣೆಗೆ ನಿಲ್ಲುವುದಿಲ್ಲವೆಂದು ಸುದ್ದಿಗಾರರ ಮುಂದೆ ಘೋಷಿಸಿದ್ದು. ವಿರೋಧ ಪಕ್ಷವಾದ ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಕಾಂಗ್ರೆಸ್ಸಿನೊಡನೆ ವ್ಯವಹರಿಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಇರಲಿಲ್ಲ. ಇಲಾಖೆಯೊಳಗೆ ಅವರು ಸೇನೆಯ ಕ್ರಮವನ್ನೇ ತಂದರು: ಕಡತಗಳೆಲ್ಲ ಒಂದು ಕೇಂದ್ರ ಕಾರ್ಯಾಲಯದ ಮೂಲಕ, ಉಪಸಚಿವ ಡೀನ್ ಆಚೆಸನ್ ಅವರ ಕೈದಾಟಿ ಬರಬೇಕು, ದೂರದ ಯೋಚನೆಗೆಂದೇ ರಾಜತಾಂತ್ರಿಕ ಜಾರ್ಜ್ ಕೆನನ್ ಅವರ ನೇತೃತ್ವದಲ್ಲಿ ಪ್ರತ್ಯೇಕ ತಂಡವಿರಬೇಕು. ಕೆನನ್ ಅವರಿಗೆ ಕೊಟ್ಟ ಸೂಚನೆಯ ಸಾರ, ಕ್ಷುಲ್ಲಕ ವಿಷಯಗಳಿಂದ ದೂರವಿರಿ ಎಂಬುದಷ್ಟೆ.

ಜೂನ್ 5ರಂದು ಹಾರ್ವರ್ಡ್‌ನ ಪದವಿ ಸಮಾರಂಭದಲ್ಲಿ ಅವರು ಮಾಡಿದ ಭಾಷಣವನ್ನು ಮೂಲದಲ್ಲೇ ಓದಬೇಕು. ಕಾಗದದಿಂದ ಕಣ್ಣೆತ್ತದೆ, ಮೆಲುದನಿಯಲ್ಲಿ ಓದಿ ಮುಗಿಸಿದ ಆ ಚಿಕ್ಕ ಭಾಷಣದಲ್ಲಿ ಹಣದ ಮೊತ್ತವೇ ಇಲ್ಲ. ಯೋಜನೆಯ ರೂಪವನ್ನು ಯುರೋಪಿನವರೇ ಕೂಡಿ ತಯಾರಿಸಲಿ, ನಾವು ನೆರವಾಗುತ್ತೇವೆ ಎಂಬುದು ಅದರ ತಿರುಳು. 1948ರ ಏಪ್ರಿಲ್ 3ರಂದು ಕಾಯ್ದೆಗೆ ಟ್ರೂಮನ್ ಸಹಿ ಹಾಕಿದರು. ಮುಂದಿನ ವರ್ಷಗಳಲ್ಲಿ ಸುಮಾರು 1,300 ಕೋಟಿ ಡಾಲರ್ ಪಶ್ಚಿಮ ಯುರೋಪಿಗೆ ಹರಿಯಿತು. ಯೋಜನೆಗೆ ಮಾರ್ಷಲ್ ಹೆಸರೇ ಇರಲೆಂದು ಪಟ್ಟು ಹಿಡಿದವರು ಟ್ರೂಮನ್. ಚುನಾವಣೆಯ ವರ್ಷದಲ್ಲಿ ತಮ್ಮ ಹೆಸರು ಹೊತ್ತ ಮಸೂದೆಗೆ ರಿಪಬ್ಲಿಕನ್ನರು ಒಪ್ಪುವುದಿಲ್ಲವೆಂಬ ಲೆಕ್ಕಾಚಾರ ಅವರದು.

ಆದರೆ ಸೈನಿಕನ ವಿಧೇಯತೆ ಎಂದರೇನು ಎಂಬುದಕ್ಕೆ ನಾನು ಉದಾಹರಿಸುವುದು ಈ ಯೋಜನೆಯನ್ನಲ್ಲ, 1948ರ ಮೇ 12ರ ಶ್ವೇತಭವನದ ಸಭೆಯನ್ನು. ಹುಟ್ಟಲಿದ್ದ ಯಹೂದಿ ರಾಷ್ಟ್ರಕ್ಕೆ ತಕ್ಷಣ ಮಾನ್ಯತೆ ಕೊಡಬೇಕೆಂದು ಅಧ್ಯಕ್ಷರ ಸಲಹೆಗಾರ ಕ್ಲಾರ್ಕ್ ಕ್ಲಿಫರ್ಡ್ ವಾದಿಸಿದರು. ಇದು ಮತಗಳಿಕೆಯ ತಂತ್ರವೆಂದು ಕೆರಳಿದ ಮಾರ್ಷಲ್, ಈ ಸಲಹೆಯನ್ನು ಒಪ್ಪಿದರೆ, ತಾನೇನಾದರೂ ಮತ ಹಾಕುವವನಾಗಿದ್ದರೆ ನಿಮ್ಮ ವಿರುದ್ಧವೇ ಹಾಕುತ್ತೇನೆಂದು ಟ್ರೂಮನ್ ಅವರ ಮುಖಕ್ಕೇ ಹೇಳಿದರು. (ಸೈನಿಕನಿಗೆ ಪಕ್ಷ ಸಲ್ಲದೆಂದು ಅವರು ಮತದಾನವನ್ನೇ ಮಾಡುತ್ತಿರಲಿಲ್ಲ.) ಎರಡು ದಿನಗಳ ನಂತರ ಟ್ರೂಮನ್ ಇಸ್ರೇಲನ್ನು ಮಾನ್ಯ ಮಾಡಿದರು. ಮಾರ್ಷಲ್ ರಾಜೀನಾಮೆ ಕೊಡಲಿಲ್ಲ, ಬಹಿರಂಗವಾಗಿ ತುಟಿ ಬಿಚ್ಚಲಿಲ್ಲ. ನಿರ್ಧರಿಸುವ ಸಾಂವಿಧಾನಿಕ ಅಧಿಕಾರ ಅಧ್ಯಕ್ಷರದು ಎಂಬಲ್ಲಿಗೆ ಅವರ ಮಟ್ಟಿಗೆ ವಿಷಯ ಮುಗಿದಿತ್ತು.

ಮೂತ್ರಪಿಂಡದ ಶಸ್ತ್ರಚಿಕಿತ್ಸೆಯ ಬಳಿಕ 1949ರ ಜನವರಿಯಲ್ಲಿ ಅವರು ಹುದ್ದೆ ಬಿಟ್ಟರು. ಕೆಲಕಾಲ ಅಮೆರಿಕನ್ ರೆಡ್‌ಕ್ರಾಸ್‌ನ ಅಧ್ಯಕ್ಷರಾಗಿದ್ದರು. ಕೊರಿಯಾ ಯುದ್ಧ ಆರಂಭವಾದ ಮೇಲೆ, 1950ರ ಸೆಪ್ಟೆಂಬರ್‌ನಲ್ಲಿ, ಟ್ರೂಮನ್ ಮತ್ತೆ ಕರೆದರು, ಈ ಬಾರಿ ರಕ್ಷಣಾ ಸಚಿವ ಸ್ಥಾನಕ್ಕೆ. ಪರೀಕ್ಷೆಯ ದೃಷ್ಟಿಯಿಂದ ಗಮನಿಸಬೇಕಾದ ತೊಡಕು ಇಲ್ಲಿದೆ. 1947ರ ರಾಷ್ಟ್ರೀಯ ಭದ್ರತಾ ಕಾಯ್ದೆಯ ಪ್ರಕಾರ, ಹಿಂದಿನ ಹತ್ತು ವರ್ಷಗಳೊಳಗೆ ಸಕ್ರಿಯ ಸೇವೆಯಲ್ಲಿದ್ದ ಸೇನಾಧಿಕಾರಿ ಈ ಹುದ್ದೆಗೆ ಅನರ್ಹ. ಆದ್ದರಿಂದ ಮಾರ್ಷಲ್ ಒಬ್ಬರಿಗಾಗಿಯೇ ವಿನಾಯಿತಿಯ ಕಾಯ್ದೆಯೊಂದನ್ನು ಮಾಡಬೇಕಾಯಿತು. ಇಂಥ ನೇಮಕ ಮತ್ತೆ ಆಗಕೂಡದೆಂಬ ಆಶಯವನ್ನೂ ಕಾಂಗ್ರೆಸ್ ಅದರಲ್ಲೇ ಬರೆದಿಟ್ಟಿತು. ಸೇನೆಯನ್ನು ನಾಗರಿಕರು ಆಳಬೇಕೆಂಬ ತತ್ತ್ವ ಸಡಿಲಿಕೆಯ ಹೊತ್ತಿನಲ್ಲೇ ಲಿಖಿತವಾಗಿ ಇನ್ನಷ್ಟು ಬಿಗಿಯಾದದ್ದು ವಿಚಿತ್ರವಾದರೂ ನಿಜ. 2008ರಲ್ಲಿ ಆ ಅವಧಿ ಏಳು ವರ್ಷಕ್ಕಿಳಿಯಿತು. ವಿನಾಯಿತಿ ಮತ್ತೆ ಸಿಕ್ಕಿದ್ದು 2017ರಲ್ಲಿ ಜೇಮ್ಸ್ ಮ್ಯಾಟಿಸ್ ಅವರಿಗೆ, 2021ರಲ್ಲಿ ಲಾಯ್ಡ್ ಆಸ್ಟಿನ್ ಅವರಿಗೆ.

ಆ ತತ್ತ್ವ ಪರೀಕ್ಷೆಗೆ ಬಂದದ್ದು ಕೊರಿಯಾ ಯುದ್ಧದ ಸೇನಾನಿ ಡಗ್ಲಸ್ ಮ್ಯಾಕ್‌ಆರ್ಥರ್ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಿದಾಗ. ವಜಾ ಮಾಡಲು ಮಾರ್ಷಲ್ ಮೊದಲು ಹಿಂಜರಿದರು. ಹಳೆಯ ತಂತಿಸಂದೇಶಗಳನ್ನು ಓದಿ ನೋಡಿದ ಮೇಲೆ, ಈ ಕೆಲಸ ಎರಡು ವರ್ಷ ಮೊದಲೇ ಆಗಬೇಕಿತ್ತು ಎಂದರು. 1951ರ ಏಪ್ರಿಲ್‌ನಲ್ಲಿ ಮ್ಯಾಕ್‌ಆರ್ಥರ್ ಹೊರಬಿದ್ದರು. ಜೂನ್ 14ರಂದು ಸೆನೆಟರ್ ಜೋಸೆಫ್ ಮೆಕಾರ್ಥಿ ಸೆನೆಟ್ಟಿನಲ್ಲಿ ಸುದೀರ್ಘ ಭಾಷಣ ಮಾಡಿ, ಚೀನಾ ಕಮ್ಯುನಿಸ್ಟರ ಪಾಲಾದದ್ದರ ಹಿಂದೆ ಮಾರ್ಷಲ್ ಅವರೂ ಸೇರಿದ ಸಂಚಿದೆಯೆಂದು ಆರೋಪಿಸಿದರು. ಮಾರ್ಷಲ್ ಉತ್ತರ ಕೊಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಖಾತೆಯನ್ನು ರಾಬರ್ಟ್ ಲವೆಟ್ ಅವರಿಗೆ ಬಿಟ್ಟು ಹೊರಟರು. ಮರುವರ್ಷ ಅಧ್ಯಕ್ಷೀಯ ಚುನಾವಣಾ ಪ್ರಚಾರದಲ್ಲಿ, ಸೇನೆಯಲ್ಲಿ ಮಾರ್ಷಲ್ ಅವರ ಕೈಕೆಳಗೇ ಬೆಳೆದ ರಿಪಬ್ಲಿಕನ್ ಅಭ್ಯರ್ಥಿ ಐಸೆನ್‌ಹೋವರ್ ತಮ್ಮ ವಿಸ್ಕಾನ್ಸಿನ್ ಭಾಷಣದಿಂದ ಮಾರ್ಷಲ್ ಅವರನ್ನು ಸಮರ್ಥಿಸುವ ಭಾಗವನ್ನು ತೆಗೆದುಹಾಕಿದರು. ಅದು ಮೆಕಾರ್ಥಿ ಅವರ ಸ್ವಂತ ರಾಜ್ಯ.

1953ರ ಡಿಸೆಂಬರ್‌ನಲ್ಲಿ ಮಾರ್ಷಲ್ ಓಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಲು ನಿಂತಾಗ ಸಭಾಂಗಣದ ಮೇಲಂತಸ್ತಿನಿಂದ ಪ್ರತಿಭಟನೆಯ ಕರಪತ್ರಗಳು ಉದುರಿದವು. ಸ್ವದೇಶದಲ್ಲಿ ಕಮ್ಯುನಿಸ್ಟರ ಮಿತ್ರನೆನಿಸಿಕೊಂಡವರ ಮೇಲೆ ಅವುಗಳನ್ನು ಎಸೆದವರು ಕಮ್ಯುನಿಸ್ಟರೇ.