ಮುಖ ಕಾಣ್ತದೆ, ಮಾತು ಕೇಳುವುದಿಲ್ಲ

ಬದಿಯಡ್ಕ ಕಡೆಯ ಒಬ್ಬರು ಅಜ್ಜಿಯನ್ನು ಅವರ ಸೊಸೆ ನನ್ನ ಹತ್ತಿರ ಕಿವಿ ಪರೀಕ್ಷೆಗೆ ಕರೆದುಕೊಂಡು ಬಂದಿದ್ದರು. ಮಗ ಇರುವುದು ಕುವೈತಿನಲ್ಲಿ. ಅಲ್ಲಿ ಶುಕ್ರವಾರ ರಜೆ, ಹಾಗಾಗಿ ವಾರ ವಾರ ವಿಡಿಯೊ ಕಾಲ್ ತಪ್ಪುವುದಿಲ್ಲ. ಆದರೆ ಅಮ್ಮ ಏನು ಕೇಳಿದರೂ ಹ್ಞೂಂ ಅನ್ನುತ್ತಾರೆ, ನಗುತ್ತಾರೆ, ಫೋನನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತಾರೆ. ಅಮ್ಮನಿಗೆ ಮರೆವು ಶುರುವಾಯಿತೋ ಎಂದು ಮಗನಿಗೆ ಹೆದರಿಕೆ.

ನಾನು ಎದುರು ಕೂತು ಕೇಳಿದೆ: "ಕಳೆದ ಶುಕ್ರವಾರ ಮಗ ಎಂತ ಹೇಳಿದ, ಅಜ್ಜಿ?"

ಅಜ್ಜಿ ಸೊಸೆಯ ಕಡೆ ಕೈ ತೋರಿಸಿದರು. "ನನಗೆ ಮುಖ ಕಾಣ್ತದೆ. ಮಾತು ಇವಳತ್ರ ಕೇಳಿ."

ಮರೆವು ಇದೆಯೋ ಇಲ್ಲವೋ ಎಂದು ಹೇಳುವುದು ಬೇರೆ ವೈದ್ಯರ ಕೆಲಸ. ಆದರೆ ಅದಕ್ಕಿಂತ ಮೊದಲು ಕಿವಿ ನೋಡಲೇಬೇಕು. ಹರ್ಟ್ಸ್ ಎಂದರೆ ದನಿ ಎಷ್ಟು ದಪ್ಪ, ಎಷ್ಟು ತೆಳು ಎಂಬುದರ ಅಳತೆ; ಸಂಖ್ಯೆ ಏರಿದಷ್ಟು ದನಿ ತೆಳು. ಅಜ್ಜಿಗೆ 500 ಹರ್ಟ್ಸ್‌ನ ದಪ್ಪ ದನಿ ಚೆನ್ನಾಗಿಯೇ ಕೇಳುತ್ತಿತ್ತು. 4000ಕ್ಕೆ ಬರುವಾಗ ಪರೀಕ್ಷೆಯ ನಕ್ಷೆಯಲ್ಲಿ ಗೆರೆ ಕೆಳಗೆ ಜಾರಿತ್ತು, ಅಂದರೆ ಆ ದನಿ ಸರಿಯಾಗಿ ಕೇಳುತ್ತಿರಲಿಲ್ಲ. ವಯಸ್ಸಾದಾಗ ಕಿವಿ ಸೋಲುವುದು ಸಾಮಾನ್ಯವಾಗಿ ಹೀಗೆಯೇ, ತೆಳು ಸದ್ದು ಮೊದಲು ಹೋಗುತ್ತದೆ. ಸ್ವರಗಳು ಉಳಿಯುತ್ತವೆ, ಸ, ಶ, ತ, ಕ ಕರಗುತ್ತವೆ. ಕಾಯಿ, ತಾಯಿ ಎರಡೂ ಒಂದೇ ಥರ ಕೇಳಿದರೆ ಹೇಗಿರಬಹುದು, ನೋಡಿ. ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಎಂತ ಹೇಳಿದರು ಎಂದು ಗೊತ್ತಾಗುವುದಿಲ್ಲ. ಮನೆಯವರು ಜೋರಾಗಿ ಕಿರುಚುತ್ತಾರೆ. ಕಿರುಚಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ, ಅಷ್ಟೇ.

ಹಳೆಯ ಲ್ಯಾಂಡ್‌ಲೈನ್ ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತಿತ್ತು. ಈಗಿನ 4ಜಿ ಕಾಲ್‌ನಲ್ಲಿ ಅದು 7000ದ ಹತ್ತಿರ ಹೋಗುತ್ತದೆ. ಲೆಕ್ಕದ ಪ್ರಕಾರ ಅಜ್ಜಿಗೆ ಈಗಲೇ ಜಾಸ್ತಿ ಕೇಳಬೇಕು, ಅಲ್ವಾ? ಆದರೆ ಆಗ ರಿಸೀವರ್ ಕಿವಿಗೆ ಒತ್ತಿಕೊಂಡಿರುತ್ತಿತ್ತು, ಆ ಕಡೆ ಮಾತಾಡುವವನೂ ಒಬ್ಬನೇ. ಈಗ ಮುಖ ಕಾಣಬೇಕೆಂದು ಫೋನನ್ನು ಕೈ ಚಾಚಿ ಹಿಡಿಯುತ್ತೇವೆ. ಜಗಲಿಯಲ್ಲಿ ಫ್ಯಾನು, ಟಿವಿ, ಸುತ್ತ ನಾಲ್ಕು ಜನ, ಎಲ್ಲರೂ ಒಟ್ಟಿಗೆ ಮಾತು. ಮುಖ ಹತ್ತಿರ ಬಂತು, ದನಿ ದೂರ ಹೋಯಿತು.

ಎದುರೆದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಇರುವ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ತೋಟದ ನಡುವಿನ ಮನೆಗಳಲ್ಲಿ ಸಿಗ್ನಲ್ ಎಳೆದಾಡುತ್ತದೆ, ಮಾತು ತಡವಾಗಿ ತಲುಪುತ್ತದೆ. ಅಜ್ಜಿ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆಚೆಯಿಂದ ಮುಂದಿನ ಪ್ರಶ್ನೆ ಬಂದಿರುತ್ತದೆ. ನಾಲ್ಕು ಸಲ ಹೀಗಾದರೆ ಯಾರಾದರೂ ಸುಮ್ನೆ ನಕ್ಕುಬಿಡುತ್ತಾರೆ.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ಕಿವಿಗೆ ತಪ್ಪಿದ ಅಕ್ಷರವನ್ನು ಮನಸ್ಸು ಊಹೆಯಿಂದ ತುಂಬಿಕೊಳ್ಳುತ್ತದೆ. ಪಳಗಿದ ಭಾಷೆಯಾದರೆ ಊಹೆ ಸುಲಭ. ಅಜ್ಜಿಯ ಮಾತು ಕನ್ನಡ, ತುಳು. ಕುವೈತಿನ ಮೊಮ್ಮಗ ಇಂಗ್ಲಿಷ್ ಬೆರೆಸಿ ಪಟಪಟನೆ ಮಾತಾಡುತ್ತಾನೆ. ಅಲ್ಲಿ ಅಜ್ಜಿಗೆ ಊಹೆಯೂ ಕೈಕೊಡುತ್ತದೆ.

ಶ್ರವಣ ಯಂತ್ರದ ವಿಷಯ ಮಾತಾಡಿದೆವು. ಅದು ಒಗ್ಗಲು ವಾರಗಳೇ ಬೇಕು. ಅಲ್ಲಿಯವರೆಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು ಎಂದೆ. ಮಗನಿಗೂ ಫೋನಿನಲ್ಲೇ ಹೇಳಿದೆ: ಬೆಳಕಿಗೆ ಮುಖ ಮಾಡಿ ಕೂತುಕೊಳ್ಳಿ, ನಡೆಯುತ್ತಾ ಮಾತಾಡಬೇಡಿ. ಒಂದು ವಾಕ್ಯ ಹೇಳಿ, ಕಾಯಿರಿ. ಮೊದಲ ಹತ್ತು ನಿಮಿಷ ಅಮ್ಮನೊಬ್ಬರಿಗೇ ಇರಲಿ, ಉಳಿದವರು ಆಮೇಲೆ. ಮಾತು ಗೊತ್ತಾಯಿತೋ ಎಂದು ಕೇಳಬೇಡಿ, ಹ್ಞೂಂ ಎಂದೇ ಉತ್ತರ ಬರುತ್ತದೆ. "ಅಡಿಕೆ ಎಷ್ಟು ಒಣಗಿತು?" ಎಂದು ಕೇಳಿ, ಉತ್ತರ ಅವರೇ ಹೇಳಬೇಕಾಗುತ್ತದೆ.

ಎರಡು ವಾರ ಕಳೆದು ಸೊಸೆ ಬಂದಾಗ ಒಂದು ವಿಷಯ ಹೇಳಿದರು. ಹೆಡ್‌ಫೋನ್ ಹಾಕಿಕೊಂಡ ಅಜ್ಜಿ ಮಗನ ಮಾತನ್ನು ನಡುವೆಯೇ ನಿಲ್ಲಿಸಿ ಕೇಳಿದರಂತೆ: "ನಿನಗೆ ಕೆಮ್ಮು ಯಾವಾಗಿನಿಂದ?"